ಒಳ್ಳೆಯವರಿಗೆ ರಕ್ಷಣೆ ಯಾಕೆ ಬೇಕು?

"ನಾನು ಯಾರಿಗೂ ಮೋಸ ಮಾಡಿದವನಲ್ಲ. ದುಡಿದು ತಿಂದಿದ್ದೀನಿ. ಕೈಲಾದ ಮಟ್ಟಿಗೆ ನಾಲ್ಕು ಜನಕ್ಕೆ ಉಪಕಾರಾನೂ ಮಾಡಿದ್ದೀನಿ. ನನ್ನನ್ನ ಯಾರು, ಯಾವುದರಿಂದ ರಕ್ಷಿಸಬೇಕು?" ಕ್ರೈಸ್ತ ನಂಬಿಕೆಯ ಮಾತು ಬಂದಾಗ ಈ ಪ್ರಶ್ನೆ ಕೇಳುವವರು ಹೊರಗಿನವರು ಮಾತ್ರವಲ್ಲ. ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆಗಿ, ಸಂಡೇ ಸ್ಕೂಲಿನಲ್ಲಿ ವಾಕ್ಯ ಬಾಯಿಪಾಠ ಮಾಡಿ, ಕ್ವಯರ್‌ನಲ್ಲಿ ಹಾಡಿ ಬೆಳೆದವರೂ ಒಳಗೊಳಗೇ ಇದನ್ನು ಕೇಳಿಕೊಳ್ಳುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಅಷ್ಟೇ.

ಪ್ರಾರ್ಥನಾ ಕೂಟಗಳಲ್ಲಿ ಸಾಕ್ಷಿ ಹೇಳುವ ಹೊತ್ತು ಬಂದಾಗ ಇದು ಎದ್ದು ಕಾಣುತ್ತದೆ. ಕುಡಿತ ಬಿಟ್ಟವರು, ಜೂಜಿನಲ್ಲಿ ಮನೆ ಕಳೆದುಕೊಂಡು ಮತ್ತೆ ಎದ್ದು ನಿಂತವರು ಮೈಕ್ ಹಿಡಿದರೆ ಇಡೀ ಸಭೆ ಕಿವಿಗೊಡುತ್ತದೆ. ಅಂದು ಹೇಗಿದ್ದೆ, ಇಂದು ಹೇಗಿದ್ದೇನೆ ಎಂಬ ಗೆರೆ ಅವರ ಬದುಕಿನಲ್ಲಿ ಸ್ಪಷ್ಟ. ಆದರೆ ಇಡೀ ಸರ್ವಿಸ್‌ನಲ್ಲಿ ಒಂದು ರೂಪಾಯಿ ಲಂಚ ಮುಟ್ಟದೆ ನಿವೃತ್ತರಾದ ಗುಮಾಸ್ತರು ಏನೆಂದು ಸಾಕ್ಷಿ ಹೇಳಬೇಕು? ಕೆಲವರು ಹಳೆಯ ಪಾಪಗಳನ್ನು ಸ್ವಲ್ಪ ಹಿಗ್ಗಿಸಿ ಹೇಳುವುದೂ ಉಂಟು. ಹಾಗೆ ಹಿಗ್ಗಿಸುವುದು ಯಾವ ಲೆಕ್ಕಕ್ಕೆ ಸೇರುತ್ತದೋ, ಅದು ಬೇರೆ ಮಾತು.

"ಕ್ಷೇಮವಾಗಿರುವವರಿಗೆ ವೈದ್ಯನು ಬೇಕಾಗಿಲ್ಲ" ಎಂಬ ಅರ್ಥದ ಯೇಸುವಿನ ಮಾತು ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯದಲ್ಲಿದೆ. ಒಳ್ಳೆಯವರು ಇದನ್ನು ಓದಿ, ಸರಿ, ಇದು ನಮಗೆ ಹೇಳಿದ್ದಲ್ಲ ಎಂದು ಮುಂದಿನ ಪುಟಕ್ಕೆ ಹೋಗಿಬಿಡುವ ಅಪಾಯವಿದೆ. ಸುವಾರ್ತೆಗಳನ್ನು ಕೂತು ಓದಿದರೆ ಮಾತ್ರ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಯೇಸುವಿನ ಹತ್ತಿರ ಬಂದು ಬರಿಗೈಯಲ್ಲಿ ಹಿಂದಿರುಗುವವರಲ್ಲಿ ಕಳ್ಳಕಾಕರು ಕಡಿಮೆ, ಮರ್ಯಾದಸ್ಥರೇ ಹೆಚ್ಚು. ರಕ್ಷಣೆ ಬೇಕೆಂದು ಒಪ್ಪಿಕೊಳ್ಳುವುದು ಕೆಟ್ಟು ನಿಂತವರಿಗಿಂತ ಚೆನ್ನಾಗಿ ಬಾಳಿದವರಿಗೇ ಕಷ್ಟ. ಯಾಕೆ ಕಷ್ಟ ಎಂಬುದನ್ನು ಸಿದ್ಧಾಂತದಿಂದ ಶುರುಮಾಡಿ ಹೇಳುವುದಕ್ಕಿಂತ ಒಬ್ಬ ಪಾದ್ರಿಯ ಬದುಕನ್ನು ನೋಡುವುದು ಮೇಲು.

ವೆಸ್ಲಿಯ ಹಡಗು

ಜಾನ್ ವೆಸ್ಲಿ ಹುಟ್ಟಿದ್ದು 1703ರಲ್ಲಿ, ಇಂಗ್ಲೆಂಡಿನ ಎಪ್‌ವರ್ತ್ ಎಂಬ ಊರಿನ ಪಾದ್ರಿಯ ಮನೆಯಲ್ಲಿ. ಆಕ್ಸ್‌ಫರ್ಡ್‌ನಲ್ಲಿ ಓದಿ, ಅಲ್ಲೇ ಲಿಂಕನ್ ಕಾಲೇಜಿನಲ್ಲಿ ಫೆಲೋ ಆಗಿ, ಆಂಗ್ಲಿಕನ್ ಸಭೆಯ ಪಾದ್ರಿಯೂ ಆದರು. ತಮ್ಮ ಚಾರ್ಲ್ಸ್ ಮತ್ತು ಕೆಲವು ಗೆಳೆಯರ ಜೊತೆ ಅವರು ನಡೆಸುತ್ತಿದ್ದ ಗುಂಪನ್ನು ಬೇರೆ ವಿದ್ಯಾರ್ಥಿಗಳು "ಪವಿತ್ರರ ಕ್ಲಬ್ಬು" ಎಂದು ಗೇಲಿ ಮಾಡುತ್ತಿದ್ದರು. ಗೇಲಿಗೆ ಕಾರಣವೂ ಇತ್ತು. ನಸುಕಿನಲ್ಲೇ ಎದ್ದು ಪ್ರಾರ್ಥನೆ, ಬುಧವಾರ ಶುಕ್ರವಾರ ಉಪವಾಸ, ಜೈಲಿಗೆ ಹೋಗಿ ಕೈದಿಗಳ ಭೇಟಿ, ಬಡವರಿಗೆ ಹಣ. ಇದರ ಮೇಲೆ, ಯಾವ ಗಂಟೆಯಲ್ಲಿ ಏನು ಮಾಡಿದೆ, ಮನಸ್ಸು ಹೇಗಿತ್ತು ಎಂದು ದಿನಚರಿಯಲ್ಲಿ ಬರೆದಿಡುವುದು. ಒಳ್ಳೆಯವರು ಅಂದರೆ ಇವರೇ.

1735ರಲ್ಲಿ ವೆಸ್ಲಿ ಅಮೆರಿಕದ ಜಾರ್ಜಿಯಾ ವಸಾಹತಿಗೆ ಮಿಷನರಿಯಾಗಿ ಹಡಗು ಹತ್ತಿದರು. ಅದೇ ಹಡಗಿನಲ್ಲಿ ಮೊರೇವಿಯನ್ ಪಂಗಡಕ್ಕೆ ಸೇರಿದ ಕೆಲವು ಜರ್ಮನ್ ಕುಟುಂಬಗಳಿದ್ದವು. 1736ರ ಜನವರಿ 25ರಂದು ದೊಡ್ಡ ಬಿರುಗಾಳಿ. ಜರ್ಮನರು ಸಂಜೆಯ ಆರಾಧನೆಯಲ್ಲಿ ಕೀರ್ತನೆ ಹಾಡುತ್ತಿದ್ದಾಗಲೇ ಅಲೆ ಹಡಗಿನ ಮೇಲೆ ಅಪ್ಪಳಿಸಿ ದೊಡ್ಡ ಹಾಯಿಯನ್ನು ಹರಿದುಹಾಕಿತು, ನೀರು ಒಳಗೆ ನುಗ್ಗಿತು. ಇಂಗ್ಲಿಷರು ಕಿರುಚಾಡಿದರು. ಜರ್ಮನರು ತಲೆಯೆತ್ತಿ ನೋಡಿ ಹಾಡು ಮುಂದುವರಿಸಿದರು. ಆಮೇಲೆ ವೆಸ್ಲಿ ಅವರಲ್ಲೊಬ್ಬನನ್ನು ಕೇಳಿದರು: ಭಯವಾಗಲಿಲ್ಲವೇ? ದೇವರಿಗೆ ಸ್ತೋತ್ರ, ಇಲ್ಲ ಎಂದ ಅವನು. ಹೆಂಗಸರಿಗೆ, ಮಕ್ಕಳಿಗೆ? ನಮ್ಮ ಹೆಂಗಸರೂ ಮಕ್ಕಳೂ ಸಾವಿಗೆ ಹೆದರುವವರಲ್ಲ ಎಂದ. ವೆಸ್ಲಿಗೆ ಹೆದರಿಕೆಯಾಗಿತ್ತು. ಹಾಗೆಂದು ತಮ್ಮ ದಿನಚರಿಯಲ್ಲೇ ಬರೆದುಕೊಂಡವರು ಅವರು.

ಜಾರ್ಜಿಯಾದ ಸವಾನ್ನಾ ಊರಿಗೆ ಬಂದಿಳಿದ ಕೆಲವೇ ದಿನಗಳಲ್ಲಿ ಮೊರೇವಿಯನ್ನರ ಮುಖಂಡ ಸ್ಪಾಂಗೆನ್‌ಬರ್ಗ್ ಜೊತೆ ನಡೆದ ಮಾತುಕತೆಯನ್ನು ನಿಧಾನವಾಗಿ ಓದಬೇಕು. "ನಿಮಗೆ ಯೇಸು ಕ್ರಿಸ್ತನ ಪರಿಚಯ ಉಂಟೇ?" ಎಂದು ಸ್ಪಾಂಗೆನ್‌ಬರ್ಗ್ ಕೇಳಿದರು. ವೆಸ್ಲಿ ಸ್ವಲ್ಪ ತಡೆದು, ಆತನು ಲೋಕರಕ್ಷಕನೆಂದು ಬಲ್ಲೆ ಎಂದರು. "ಅದು ನಿಜ. ಆದರೆ ಆತನು ನಿಮ್ಮನ್ನು ರಕ್ಷಿಸಿದ್ದಾನೆಂದು ಬಲ್ಲಿರಾ?" ನನ್ನನ್ನು ರಕ್ಷಿಸಲು ಸತ್ತನೆಂದು ಆಶಿಸುತ್ತೇನೆ ಎಂದರು ವೆಸ್ಲಿ. ದೇವರಶಾಸ್ತ್ರದ ಪರೀಕ್ಷೆಯಲ್ಲಿ ಈ ಉತ್ತರಗಳಿಗೆ ಪೂರ್ತಿ ಅಂಕ ಸಿಗುತ್ತದೆ. ಆದರೆ ಕೇಳಿದ್ದು ಪರೀಕ್ಷೆಯ ಪ್ರಶ್ನೆಯಾಗಿರಲಿಲ್ಲ, ಅದು ವೆಸ್ಲಿಗೂ ಗೊತ್ತಿತ್ತು. ಲೋಕಕ್ಕೆ ರಕ್ಷಕನು ಬೇಕು ಎನ್ನಲು ಯಾರಿಗೂ ಕಷ್ಟವಿಲ್ಲ. ಪೇಪರ್ ತೆರೆದರೆ ಲೋಕದ ಗತಿ ಕಾಣುತ್ತದೆ. ನನಗೆ ಬೇಕು ಎನ್ನುವಲ್ಲಿ ನಾಲಿಗೆ ತಡವರಿಸುತ್ತದೆ.

ಜಾರ್ಜಿಯಾದಲ್ಲಿ ವೆಸ್ಲಿಗೆ ಏನೂ ಕೈಹಿಡಿಯಲಿಲ್ಲ. ಮನಸ್ಸಿಟ್ಟಿದ್ದ ಹುಡುಗಿ ಬೇರೆಯವನನ್ನು ಮದುವೆಯಾದಳು. ಆಮೇಲೆ ಆಕೆಗೆ ಕರ್ತನ ಭೋಜನ ನಿರಾಕರಿಸಿ ಕೋರ್ಟು ಕಚೇರಿಯವರೆಗೂ ಎಳೆಸಿಕೊಂಡರು. 1737ರ ಕೊನೆಗೆ ರಾತ್ರೋರಾತ್ರಿ ಎಂಬಂತೆ ಊರು ಬಿಟ್ಟರು. ಇಂಡಿಯನ್ನರ (ಅಮೆರಿಕದ ಮೂಲನಿವಾಸಿಗಳ) ಮನ ತಿರುಗಿಸಲು ಹೋದೆ, ಅಯ್ಯೋ, ನನ್ನ ಮನ ತಿರುಗಿಸುವವರು ಯಾರು ಎಂದು ಮರಳುವ ಹಾದಿಯಲ್ಲಿ ಬರೆದರು. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ, ಮನಸ್ಸಿಲ್ಲದ ಮನಸ್ಸಿನಿಂದ, ಹೋದರು. ಅಲ್ಲಿ ಯಾರೋ, ಸತ್ಯವೇದದಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಗೆ 16ನೇ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿಯನ್ನು ಓದುತ್ತಿದ್ದರು. ಸುಮಾರು ಒಂಬತ್ತಕ್ಕೆ ಕಾಲು ಗಂಟೆ ಇದ್ದಾಗ ತಮ್ಮ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು, ಆತನು ತಮ್ಮ ಪಾಪಗಳನ್ನು, ಹೌದು ತಮ್ಮವನ್ನೇ, ತೆಗೆದುಹಾಕಿದನೆಂಬ ಭರವಸೆ ಸಿಕ್ಕಿತು ಎಂದು ಅವರು ಬರೆದಿದ್ದಾರೆ. ಆ "ತಮ್ಮವನ್ನೇ" ಎಂಬಲ್ಲಿ ಸ್ಪಾಂಗೆನ್‌ಬರ್ಗ್‌ಗೆ ಎರಡು ವರ್ಷ ತಡವಾಗಿ ಉತ್ತರ ಹೋಯಿತು.

ಕನ್ನಡ ಕ್ರೈಸ್ತರಿಗೆ ಇದು ದೂರದ ಕಥೆಯೇನಲ್ಲ. ಹಳೆ ಮೈಸೂರು ಸೀಮೆಯ ಎಷ್ಟೋ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಗಳು 19ನೇ ಶತಮಾನದ ವೆಸ್ಲಿಯನ್ ಮಿಷನ್ನಿನಿಂದ ಬೆಳೆದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನಿಯ ಭಕ್ತಿಪಂಥದಿಂದ ಬಂದವರು, ಮೊರೇವಿಯನ್ನರಿಗೆ ದೂರದ ನೆಂಟರು. "ರಕ್ಷಣೆ ಹೊಂದಿದ್ದೀರಾ?" ಎಂದು ಇವತ್ತಿಗೂ ನೇರವಾಗಿ ಕೇಳುವ ರೂಢಿಯ ಬೇರು ಆ ಪರಂಪರೆಯಲ್ಲಿದೆ. ಆ ಪ್ರಶ್ನೆಯನ್ನು ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೆ ಕೇಳುವವರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಸ್ಪಾಂಗೆನ್‌ಬರ್ಗ್ ಅದನ್ನು ಕೇಳಿದ್ದು ತಮ್ಮ ಬಳಿ ಸಲಹೆ ಕೇಳಿ ಬಂದವರಿಗೆ.

ವಾರಕ್ಕೆ ಎರಡು ಉಪವಾಸ

ವೆಸ್ಲಿಯ ಬುಧವಾರ ಶುಕ್ರವಾರದ ಉಪವಾಸ ಓದುವಾಗ ಲೂಕನ ಸುವಾರ್ತೆಯ 18ನೇ ಅಧ್ಯಾಯ ನೆನಪಾಗದೆ ಇರದು. ಇಬ್ಬರು ಪ್ರಾರ್ಥನೆಗೆಂದು ದೇವಾಲಯಕ್ಕೆ ಹೋಗುತ್ತಾರೆ, ಒಬ್ಬ ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು, ಇನ್ನೊಬ್ಬ ಸುಂಕದವನು. ಫರಿಸಾಯ ಹೇಳುವುದು: ಸುಲುಕೊಳ್ಳುವವರು, ಅನ್ಯಾಯಗಾರರು, ವ್ಯಭಿಚಾರಿಗಳ ಹಾಗೆ ನಾನಲ್ಲ, ಈ ಸುಂಕದವನ ಹಾಗೂ ಅಲ್ಲ, ಅದಕ್ಕೆ ನಿನಗೆ ಸ್ತೋತ್ರ. ವಾರಕ್ಕೆ ಎರಡಾವರ್ತಿ ಉಪವಾಸ ಮಾಡುತ್ತೇನೆ, ಸಂಪಾದಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು ಕೊಡುತ್ತೇನೆ.

ಭಾನುವಾರದ ಪ್ರಸಂಗಗಳಲ್ಲಿ ಈ ಫರಿಸಾಯನನ್ನು ಡೋಂಗಿ ಎಂದು ಚಿತ್ರಿಸುವುದು ವಾಡಿಕೆ. ಅದು ತಪ್ಪು, ಕಥೆಯ ಮೊನಚನ್ನೇ ಮುರಿಯುವ ತಪ್ಪು. ಅವನು ಸುಳ್ಳು ಹೇಳುತ್ತಿಲ್ಲ. ಮೋಶೆಯ ಧರ್ಮಶಾಸ್ತ್ರ ಕಡ್ಡಾಯ ಮಾಡಿದ್ದು ವರ್ಷಕ್ಕೆ ಒಂದು ದಿನದ ಉಪವಾಸ, ದೋಷಪರಿಹಾರಕ ದಿನದ್ದು. ಇವನು ವಾರಕ್ಕೆ ಎರಡು ಮಾಡುತ್ತಿದ್ದಾನೆ. ನೆರೆಮನೆಯವನಾಗಿ ಇರಬೇಕಾದರೆ ಯಾರನ್ನು ಆರಿಸಿಕೊಳ್ಳುತ್ತೀರಿ ಎಂದು ಕೇಳಿದರೆ ನಾವೆಲ್ಲ ಇವನನ್ನೇ ಆರಿಸುತ್ತೇವೆ. ಸುಂಕದವನಂತೂ ರೋಮನ್ ಆಳ್ವಿಕೆಗಾಗಿ ಸ್ವಂತ ಜನರ ಹತ್ತಿರ ತೆರಿಗೆ ಹಿಂಡಿ, ನಿಗದಿಗಿಂತ ಹೆಚ್ಚು ಕಿತ್ತು ಮಿಕ್ಕದ್ದನ್ನು ಜೇಬಿಗಿಳಿಸುವ ವರ್ಗದವನು. ಅವನು ದೂರ ನಿಂತು, ಕಣ್ಣೆತ್ತದೆ, ಎದೆ ಬಡಿದುಕೊಂಡು ಹೇಳುವುದು ಒಂದೇ ವಾಕ್ಯ: ದೇವರೇ, ಪಾಪಿಯಾದ ನನ್ನನ್ನು ಕರುಣಿಸು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ ಎನ್ನುತ್ತಾನೆ ಯೇಸು. ಕಥೋಲಿಕರ ಬಲಿಪೂಜೆಯ ಆರಂಭದಲ್ಲಿ ಮೂರು ಬಾರಿ ಎದೆ ಬಡಿದುಕೊಳ್ಳುವುದರಲ್ಲಿ ಇದೇ ಸುಂಕದವನ ಕೈ ಇದೆ. ಆರ್ಥೊಡಾಕ್ಸ್ ಸನ್ಯಾಸಿಗಳು ಉಸಿರಿನ ಜೊತೆ ಸಾವಿರ ಸಲ ಹೇಳಿಕೊಳ್ಳುವ "ಕರ್ತನಾದ ಯೇಸು ಕ್ರಿಸ್ತನೇ, ದೇವರ ಮಗನೇ, ಪಾಪಿಯಾದ ನನ್ನನ್ನು ಕರುಣಿಸು" ಎಂಬ ಪ್ರಾರ್ಥನೆಯಲ್ಲೂ ಅವನ ದನಿಯೇ ಇರುವುದು.

ಹಾಗಾದರೆ ಫರಿಸಾಯನಿಗೆ ಏನು ಕೊರತೆ? ಅವನ ಪ್ರಾರ್ಥನೆಯನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಒಂದೇ ಒಂದು ಬೇಡಿಕೆ ಇಲ್ಲ. ದೇವರ ಮುಂದೆ ನಿಂತಿದ್ದಾನೆ, ದೇವರಿಂದ ಅವನಿಗೆ ಏನೂ ಬೇಕಾಗಿಲ್ಲ. ಇನ್ನೊಂದು, ತಾನು ಎಷ್ಟು ಒಳ್ಳೆಯವನೆಂದು ಅಳೆಯಲು ಅವನಿಗೆ ಪಕ್ಕದಲ್ಲೊಬ್ಬ ಸುಂಕದವನು ಬೇಕು.

ಇಲ್ಲಿ ನಮ್ಮ ನಾಡಿನ ಓದುಗರಿಗೆ ಒಂದು ತೊಡಕಿದೆ. ಪಾಪ ಪುಣ್ಯ ಎಂದ ಕೂಡಲೇ ನಮಗೆ ಚಿತ್ರಗುಪ್ತನ ಕಡತ ಕಣ್ಣಮುಂದೆ ಬರುತ್ತದೆ. ಇಷ್ಟು ಒಳ್ಳೆಯದು, ಇಷ್ಟು ಕೆಟ್ಟದ್ದು, ಕೂಡಿ ಕಳೆದರೆ ಉಳಿದದ್ದು. ಕ್ರೈಸ್ತರಲ್ಲೂ ಬಹಳ ಮಂದಿ ಇದೇ ಲೆಕ್ಕದಲ್ಲಿ ಬದುಕುತ್ತಾರೆ. ಈ ಲೆಕ್ಕದ ಪ್ರಕಾರ ಒಳ್ಳೆಯವರಿಗೆ ರಕ್ಷಣೆ ಬೇಕಿಲ್ಲ, ಸರಿಯೇ. ಆದರೆ ಸತ್ಯವೇದ ಪಾಪ ಎನ್ನುವುದು ಮೊದಲಿಗೆ ಕೃತ್ಯಗಳ ಪಟ್ಟಿಯನ್ನಲ್ಲ, ಕೃತ್ಯಗಳ ಹಿಂದಿರುವ ಒಂದು ಸ್ಥಿತಿಯನ್ನು. ದೇವರಿಂದ ಮುಖ ತಿರುಗಿಸಿ ಮನುಷ್ಯ ತನ್ನ ಸುತ್ತಲೇ ಸುತ್ತುವ ಸ್ಥಿತಿ ಅದು. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲೆ 1515–16ರಲ್ಲಿ ಪಾಠ ಹೇಳುವಾಗ ಲೂಥರ್ ಇದನ್ನು ತನ್ನೊಳಗೇ ಬಾಗಿಕೊಂಡ ಮನುಷ್ಯ ಎಂದು ಬಣ್ಣಿಸಿದರು. ಹಾಗೆ ಬಾಗಿದವನು ದೇವರ ಒಳ್ಳೆಯ ವರಗಳನ್ನೂ, ಕೊನೆಗೆ ದೇವರನ್ನೂ, ತನ್ನ ಪ್ರಯೋಜನಕ್ಕೇ ತಿರುಗಿಸಿಕೊಳ್ಳುತ್ತಾನೆ. ಉಪವಾಸವನ್ನೂ ತನ್ನ ಕಿರೀಟಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಆಗ ಒಳ್ಳೆಯ ಕೆಲಸಗಳು ಹೆಚ್ಚಿದಷ್ಟೂ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ. ಅದೇ ಪತ್ರಿಕೆಯ ಏಳನೇ ಅಧ್ಯಾಯದಲ್ಲಿ ಪೌಲನು, ಮೆಚ್ಚುವ ಒಳ್ಳೆಯದನ್ನು ಮಾಡದೆ ಮೆಚ್ಚದ ಕೆಟ್ಟದ್ದನ್ನೇ ಮಾಡುವವನಾಗಿದ್ದೇನಲ್ಲಾ ಎಂದು ಗೋಳಾಡುವುದೂ ಈ ಸ್ಥಿತಿಯ ಬಗ್ಗೆಯೇ. ತಿಳಿವಳಿಕೆ ಇದೆ, ಇಚ್ಛೆಯೂ ಇದೆ, ಬಲ ಸಾಲದು.

ಬಲ ಸಾಲದು ಎಂದು ಒಪ್ಪುವುದರಿಂದ ಏನಾದೀತು ಎಂಬುದನ್ನು ಪ್ರಾರ್ಥನಾಲಯದ ಹೊರಗೆ ನೋಡಬೇಕೆಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಇದೆ. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ಕುಡುಕರ ಭೇಟಿಯಿಂದ ಶುರುವಾದ ಈ ಕೂಟದ ಬೇರು ಒಂದು ಕ್ರೈಸ್ತ ಚಳವಳಿಯಲ್ಲಿತ್ತು. ಅದರ ಹನ್ನೆರಡು ಮೆಟ್ಟಿಲುಗಳಲ್ಲಿ ಮೊದಲನೆಯದು, ಕುಡಿತದ ಮುಂದೆ ನಮ್ಮ ಕೈಲಾಗದು ಎಂದು ಒಪ್ಪಿಕೊಳ್ಳುವುದು. ನಾಳೆಯಿಂದ ಬಿಡುತ್ತೇನೆ ಎಂಬ ಶಪಥ ಅಲ್ಲಿಲ್ಲ. ಶಪಥಗಳನ್ನೆಲ್ಲ ಮಾಡಿ ಮುರಿದು ಸೋತ ಮೇಲೆ ಬರುವ ಮಾತು ಅದು.

ಮರಿಯೋ, ತಾಯಿಯೋ?

ಈಗ ಬುದ್ಧಿವಂತ ಓದುಗರು ಒಂದು ಪೇಚಿನ ಪ್ರಶ್ನೆ ಎತ್ತಬೇಕು. ಒಳ್ಳೆಯ ಕೆಲಸದಿಂದ ರಕ್ಷಣೆ ಸಿಗದು, ಅಗತ್ಯವನ್ನು ಒಪ್ಪಿಕೊಂಡರೆ ಸಿಗುತ್ತದೆ ಎಂದಾದರೆ, ಆ ಒಪ್ಪಿಕೊಳ್ಳುವುದೂ ಒಂದು ಕೆಲಸವೇ ಆಯಿತಲ್ಲ? "ನಾನು ವಿನಯದಿಂದ ಒಪ್ಪಿಕೊಂಡೆ, ಅವನು ಒಪ್ಪಿಕೊಳ್ಳಲಿಲ್ಲ" ಎಂದು ಸುಂಕದವನೇ ಮುಂದಿನ ವಾರ ಫರಿಸಾಯನಾಗಬಹುದಲ್ಲ?

ಸಭೆಯ ಚರಿತ್ರೆಯಲ್ಲಿ ಇದು ಸಣ್ಣ ಜಗಳವಲ್ಲ. ಐದನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನಿಂದ ರೋಮಿಗೆ ಬಂದಿದ್ದ ಪೆಲೇಜಿಯಸ್ ಎಂಬ ತಪಸ್ವಿಗೆ ಅಲ್ಲಿನ ಕ್ರೈಸ್ತರ ಸಡಿಲು ನಡತೆ ಕಂಡು ರೋಸಿಹೋಗಿತ್ತು. ಉತ್ತರ ಆಫ್ರಿಕಾದ ಹಿಪ್ಪೋ ಊರಿನ ಬಿಷಪ್ ಅಗಸ್ಟೀನ್ ಬರೆದಿದ್ದ ಒಂದು ಪ್ರಾರ್ಥನೆ ಅವನ ಕಿವಿಗೆ ಬಿತ್ತು: ನೀನು ಆಜ್ಞಾಪಿಸುವುದನ್ನು ನೀನೇ ಕೊಡು, ಆಮೇಲೆ ಬೇಕಾದ್ದನ್ನು ಆಜ್ಞಾಪಿಸು. ಪೆಲೇಜಿಯಸ್‌ಗೆ ಸಿಟ್ಟು ಬಂತು. ಎಲ್ಲವನ್ನೂ ದೇವರೇ ಕೊಡಬೇಕಾದರೆ ಮನುಷ್ಯ ಯಾಕೆ ಪ್ರಯತ್ನಪಡುತ್ತಾನೆ? ಆಗದ್ದನ್ನು ದೇವರು ಹೇಳುವನೇ? ಹೇಳಿದ್ದಾನೆಂದರೆ ಮಾಡುವ ಶಕ್ತಿಯೂ ನಮಗಿದೆ ಎಂಬುದು ಅವನ ವಾದ. ಪೆಲೇಜಿಯಸ್‌ನನ್ನು ಖಳನಾಯಕನಾಗಿ ನೋಡುವುದು ನನಗೆ ಸರಿಕಾಣದು. ಮಕ್ಕಳಿಗೆ ಬುದ್ಧಿ ಹೇಳುವಾಗ ನಾವೆಲ್ಲರೂ ಅವನ ಶಿಷ್ಯರೇ. ಅಗಸ್ಟೀನ್ ಕೊಟ್ಟ ಉತ್ತರ ಸ್ವಂತ ಅನುಭವದ್ದು. ಮಾಡಬೇಕಾದ್ದು ಗೊತ್ತಿದ್ದೂ, ಮಾಡಬೇಕೆಂದು ಬಯಸಿಯೂ, ವರ್ಷಗಟ್ಟಲೆ ಮಾಡಲಾಗದೆ ಒದ್ದಾಡಿದವರು ಅವರು. ಬಯಕೆಯೇ ಸೊಟ್ಟಗಿರುವಾಗ ಅದನ್ನು ನೆಟ್ಟಗೆ ಮಾಡಲು ಅದೇ ಬಯಕೆಯನ್ನು ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆ. 418ರಲ್ಲಿ ಕಾರ್ಥೇಜಿನಲ್ಲಿ ಸೇರಿದ ಬಿಷಪರ ಸಭೆ ಪೆಲೇಜಿಯಸ್‌ನ ಬೋಧನೆಯನ್ನು ತಳ್ಳಿಹಾಕಿತು. ಕೃಪೆ ಬೇಕು ಸರಿ, ಆದರೆ ಮೊದಲ ಹೆಜ್ಜೆ ಮನುಷ್ಯನದು ಎಂಬ ನಡುದಾರಿಯ ವಾದವನ್ನೂ 529ರಲ್ಲಿ ಫ್ರಾನ್ಸಿನ ಒರಾಂಜ್‌ನಲ್ಲಿ ಸೇರಿದ ಸಭೆ ಒಪ್ಪಲಿಲ್ಲ. ನಂಬಿಕೆಯ ಮೊಳಕೆಯೂ ಕೃಪೆಯಿಂದಲೇ ಎಂದಿತು. ಪೂರ್ವದ ಸಭೆಗಳು ಈ ಜಗಳದಲ್ಲಿ ಅಷ್ಟಾಗಿ ಬೀಳಲಿಲ್ಲ. ಅವರಿಗೆ ಆದಾಮನಿಂದ ಬಂದದ್ದು ಅಪರಾಧಕ್ಕಿಂತ ಹೆಚ್ಚಾಗಿ ರೋಗ ಮತ್ತು ಮರಣ, ರಕ್ಷಣೆಯೆಂದರೆ ದೇವರ ಜೀವದಲ್ಲಿ ಪಾಲು ಪಡೆಯುತ್ತಾ ಗುಣವಾಗುವುದು.

ಮೇಲುಕೋಟೆಯ ಸೀಮೆಯವರಿಗೆ ಈ ಪ್ರಶ್ನೆ ಹೊಸದಲ್ಲ. ಶ್ರೀವೈಷ್ಣವರಲ್ಲಿ ವಡಗಲೆಯವರು ಮರ್ಕಟನ್ಯಾಯ ಹೇಳುತ್ತಾರೆ: ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿದಿರಬೇಕು. ತೆಂಗಲೆಯವರದು ಮಾರ್ಜಾಲನ್ಯಾಯ: ಬೆಕ್ಕಿನಮರಿ ಸುಮ್ಮನಿರುತ್ತದೆ, ತಾಯಿಯೇ ಕತ್ತು ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಎರಡು ಧರ್ಮಗಳ ರಕ್ಷಣೆ ಒಂದೇ ಎಂದು ನಾನು ಹೇಳುತ್ತಿಲ್ಲ. ಶ್ರೀವೈಷ್ಣವರಿಗೆ ಅದು ಸಂಸಾರಬಂಧದಿಂದ ಬಿಡುಗಡೆ, ಕ್ರೈಸ್ತರಿಗೆ ಶಿಲುಬೆ ಮತ್ತು ಪುನರುತ್ಥಾನ ಇಲ್ಲದೆ ಆ ಮಾತಿಗೆ ಅರ್ಥವಿಲ್ಲ. ಆದರೆ ಮರಿಯ ಪಾತ್ರ ಎಷ್ಟು ಎಂಬ ತಕರಾರು ಒಂದೇ. ಲೂಥರ್ ಬೆಕ್ಕಿನ ಕಡೆಯವರು. 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಕಥೋಲಿಕ ಸಭೆ ಹೇಳಿದ್ದನ್ನು ಕೋತಿಯ ಪಾಲಿಗೆ ತಳ್ಳುವುದುಂಟು, ಅದು ಪೂರ್ತಿ ನ್ಯಾಯವಲ್ಲ. ಮೊದಲು ಬರುವುದು ಕೃಪೆಯೇ, ಅರ್ಹತೆ ನೋಡಿ ಬರುವುದಲ್ಲ, ಆದರೆ ಕೃಪೆಯ ಸ್ಪರ್ಶವಾದ ಮೇಲೆ ಮನುಷ್ಯ ಒಪ್ಪಿ ಸಹಕರಿಸುತ್ತಾನೆ ಎಂಬುದು ಅದರ ನಿಲುವು. ವೆಸ್ಲಿಯೂ ಹೆಚ್ಚುಕಡಿಮೆ ಇಲ್ಲೇ ನಿಲ್ಲುತ್ತಾರೆ. ಹಿಡಿಯುವ ಶಕ್ತಿಯನ್ನೂ ದೇವರು ಎಲ್ಲರಿಗೂ ಮುಂಚಿತವಾಗಿ ಕೊಟ್ಟಿದ್ದಾನೆ, ಹಿಡಿಯಬಹುದು, ಬಿಡಲೂಬಹುದು ಎಂಬುದು ಅವರ ಬೋಧನೆ.

ಇದಕ್ಕಾಗಿ ಯುರೋಪಿನಲ್ಲಿ ಸಭೆಗಳು ಒಡೆದವು. ಕೊನೆಗೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಯೋಗ್ಯತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿಟ್ಟ ನಂಬಿಕೆಯಿಂದ ದೇವರು ನಮ್ಮನ್ನು ಅಂಗೀಕರಿಸುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ವೆಸ್ಲಿಯ ಪರಂಪರೆಯ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟದವರು ಸೇರಿಕೊಂಡರು. ಭಿನ್ನಾಭಿಪ್ರಾಯ ಪೂರ್ತಿ ತೀರಿಲ್ಲ. ಆದರೆ ಒಪ್ಪಿಕೊಳ್ಳುವುದೆಂದರೆ ರಕ್ಷಣೆಗೆ ನಾವು ಕಟ್ಟುವ ಶುಲ್ಕ ಎಂದು ಈಗ ಇವರಲ್ಲಿ ಯಾರೂ ಹೇಳುವುದಿಲ್ಲ. ಕೈ ಚಾಚಿದ್ದಕ್ಕೆ ಕೂಲಿ ಇಲ್ಲ.

ತನ್ನನ್ನು ತಾನು ಹಳಿದುಕೊಳ್ಳುವುದು ಇದಲ್ಲ

ಈ ಬೋಧನೆ ಕೆಟ್ಟುಹೋಗುವ ದಾರಿಗಳೂ ಇವೆ. ಲೂಥರ್ ಎರ್ಫರ್ಟ್‌ನ ಮಠದಲ್ಲಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋಗಿ, ಮರೆತದ್ದು ನೆನಪಾಗಿ ಮತ್ತೆ ಓಡಿಬರುತ್ತಿದ್ದರು. ಕೇಳುವ ಗುರು ಸ್ಟೌಪಿಟ್ಸ್‌ಗೆ ಸಾಕುಸಾಕಾಗುತ್ತಿತ್ತು. ಹೊರಗಿನಿಂದ ನೋಡಿದರೆ ಇದು ಮಹಾ ವಿನಯ. ಒಳಗೆ ನೋಡಿದರೆ ಕಣ್ಣು ಇನ್ನೂ ತನ್ನ ಮೇಲೇ ಇದೆ. ಫರಿಸಾಯ ತನ್ನ ಪುಣ್ಯ ಎಣಿಸಿದ, ಈ ಯುವ ಸನ್ಯಾಸಿ ತನ್ನ ಪಾಪ ಎಣಿಸಿದ.

ಯೇಸುವನ್ನು ಹಿಡಿದುಕೊಟ್ಟ ಯೂದ, ಮೂರು ಸಲ ಆತನನ್ನು ಅರಿಯೆನೆಂದ ಪೇತ್ರ, ಇಬ್ಬರೂ ಒಂದೇ ರಾತ್ರಿ ಮಾಡಿದ ದ್ರೋಹಕ್ಕೆ ಮರುಗಿದವರು. ಯೂದನ ಪಶ್ಚಾತ್ತಾಪ ಪ್ರಾಮಾಣಿಕವೇ. ಬೆಳ್ಳಿನಾಣ್ಯಗಳನ್ನು ಬಿಸಾಡಿ, ನಿರಪರಾಧಿಯನ್ನು ಕೊಲ್ಲಿಸಿದೆನೆಂದು ಯಾಜಕರ ಮುಂದೆ ಹೇಳಿಕೊಂಡ, "ಅದು ನಮಗೇನು" ಎಂಬ ಉತ್ತರ ಸಿಕ್ಕಿತು, ಹೋಗಿ ಉರುಲು ಹಾಕಿಕೊಂಡ. ಪೇತ್ರ ಅತ್ತ, ಆದರೆ ಶಿಷ್ಯರ ನಡುವೆಯೇ ಉಳಿದ. ಯೋಹಾನನ ಸುವಾರ್ತೆಯಲ್ಲಿ ಒಂದು ಸೂಕ್ಷ್ಮವಿದೆ. ಪೇತ್ರ ಯೇಸುವನ್ನು ಅರಿಯೆನೆಂದದ್ದು ಮಹಾಯಾಜಕನ ಅಂಗಳದಲ್ಲಿ ಇದ್ದಲಬೆಂಕಿಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಾ. ಪುನರುತ್ಥಾನವಾದ ಮೇಲೆ ಸರೋವರದ ದಡದಲ್ಲಿ ಯೇಸು ಮೀನು ಸುಡುತ್ತಿರುವುದೂ ಇದ್ದಲಬೆಂಕಿಯಲ್ಲೇ. ಅಲ್ಲಿ ಮೂರು ಸಲ ಒಂದೇ ಪ್ರಶ್ನೆ: ನನ್ನನ್ನು ಪ್ರೀತಿಸುತ್ತೀಯೋ? ಯಾಕೆ ಹಾಗೆ ಮಾಡಿದೆ ಎಂದು ಯೇಸು ಕೇಳುವುದೇ ಇಲ್ಲ. ಕೇಳಿದ ಪ್ರತಿ ಸಲವೂ ಒಂದು ಕೆಲಸ ಒಪ್ಪಿಸುತ್ತಾನೆ, ನನ್ನ ಕುರಿಗಳನ್ನು ಮೇಯಿಸು ಎಂದು. ಮೊದಲು ಉಪಾಹಾರ, ಆಮೇಲೆ ಪ್ರಶ್ನೆ. ಈ ಅನುಕ್ರಮ ನನಗೆ ಯಾವ ದೇವರಶಾಸ್ತ್ರದ ಗ್ರಂಥಕ್ಕಿಂತ ಹೆಚ್ಚು ಹೇಳುತ್ತದೆ.

ಇನ್ನೊಂದು ಕೆಡುಕು, ಈ ಬೋಧನೆಯನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರಲ್ಲಿದೆ. ಪಾಪವೆಂದರೆ ಅಹಂಕಾರ, ರಕ್ಷಣೆಯೆಂದರೆ ತಗ್ಗುವುದು ಎಂದು ಪಂಡಿತರು ಶತಮಾನಗಳಿಂದ ಬರೆದರು. 1960ರಲ್ಲಿ ವ್ಯಾಲರಿ ಸೇವಿಂಗ್ ಎಂಬ ಅಮೆರಿಕನ್ ವಿದ್ವಾಂಸೆ ಒಂದು ಲೇಖನದಲ್ಲಿ ಇದನ್ನು ಪ್ರಶ್ನಿಸಿದರು. ಇದು ಗಂಡಸರು ತಮ್ಮ ಅನುಭವದಿಂದ ಬರೆದದ್ದು, ಎಷ್ಟೋ ಹೆಂಗಸರ ಕಷ್ಟ ತನ್ನತನವನ್ನೇ ಕಳೆದುಕೊಂಡು ಎಲ್ಲರಿಗಾಗಿ ಕರಗಿಹೋಗುವುದು ಎಂದರು. ಮೊದಲೇ ತಲೆ ತಗ್ಗಿಸಿದವಳಿಗೆ ಇನ್ನೂ ತಗ್ಗು ಎಂದರೆ ಅದು ಸುವಾರ್ತೆ ಹೇಗಾದೀತು? 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರ ಮಾತಿನಿಂದ ಮೊಳೆತ ದಲಿತ ದೇವರಶಾಸ್ತ್ರವೂ ಇಂಥದೇ ಪ್ರಶ್ನೆ ಎತ್ತಿತು. ಪಾಪ ಮಾಡಿದವರ ಮಾತು ಸಭೆಯಲ್ಲಿ ಸಾಕಷ್ಟಾಗಿದೆ, ಇನ್ನೊಬ್ಬರ ಪಾಪಕ್ಕೆ ಗುರಿಯಾದವರ ಮಾತು ಎಲ್ಲಿ? ಅವರಿಗೂ ರಕ್ಷಣೆ ಬೇಕು, ಆದರೆ ಆ ಅಗತ್ಯಕ್ಕೆ ಬಿಡುಗಡೆ ಎಂಬ ಮುಖವೂ ಇದೆ. ಐಗುಪ್ತದ ದಾಸತ್ವದಲ್ಲಿ ನರಳಿದ ಇಸ್ರಾಯೇಲರ ಕೂಗನ್ನು ದೇವರು ಕೇಳಿ ಇಳಿದುಬಂದಾಗ ಮೊದಲು ಅವರ ಪಾಪಗಳ ವಿಚಾರಣೆ ಮಾಡಲಿಲ್ಲ. ಈ ಆಕ್ಷೇಪಗಳನ್ನು ಕೆಲವರು ಪಾಪದ ಬೋಧನೆಯನ್ನು ತೆಳುಮಾಡುವ ಹುನ್ನಾರ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಬ್ಬಾಳಿಕೆಯನ್ನೂ ಪಾಪ ಎಂದು ಹೆಸರಿಸಿದಾಗ ಬೋಧನೆಯ ತೂಕ ಹೆಚ್ಚುತ್ತದೆ.

ನಲವತ್ತು ವರ್ಷ

ಪಾಪಿ ಎಂದು ಒಟ್ಟಾರೆ ಒಪ್ಪುವುದು ಸುಲಭ. ಯಾವ ಪಾಪ ಎಂದು ಕೇಳಿದಾಗ ನಿಜವಾದ ಕಷ್ಟ. ಇದಕ್ಕೆ ಜಾನ್ ನ್ಯೂಟನ್ ಎಂಬ ನಾವಿಕನಿಗಿಂತ ಒಳ್ಳೆಯ, ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್‌ನ ಬಿರುಗಾಳಿಯಲ್ಲಿ ಹಡಗು ಮುಳುಗುವ ಹಂತಕ್ಕೆ ಬಂದಾಗ ಅವರು ದೇವರ ಕರುಣೆಗೆ ಮೊರೆಯಿಟ್ಟರು. ತಮ್ಮ ಮನಪರಿವರ್ತನೆಯ ದಿನವೆಂದು ಅದನ್ನು ಬದುಕಿಡೀ ನೆನೆದರು. ಆಮೇಲೆ ಏನು ಮಾಡಿದರು? 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕ್ಯಾಪ್ಟನ್ ಆಗಿ ಮೂರು ಯಾನ ಮಾಡಿದರು. ಮೇಲಿನ ಅಟ್ಟದಲ್ಲಿ ಭಾನುವಾರದ ಆರಾಧನೆ, ಕೆಳಗೆ ಸರಪಳಿಯಲ್ಲಿ ಆಫ್ರಿಕನ್ನರು. ಆ ಕೆಲಸ ಬಿಟ್ಟಿದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಆರೋಗ್ಯ ಕೆಟ್ಟು. 1764ರಲ್ಲಿ ಪಾದ್ರಿಯಾದರು, ಹೆಸರಾಂತ ಕೀರ್ತನೆಗಳನ್ನು ಬರೆದರು. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಕಿರುಹೊತ್ತಗೆ ತಂದದ್ದು 1788ರಲ್ಲಿ. ಒಂದು ಕಾಲಕ್ಕೆ ತಾನು ಕೈಹಾಕಿದ್ದ ಆ ದಂಧೆಯನ್ನು ನೆನೆದರೆ ಈಗ ಎದೆ ನಡುಗುತ್ತದೆ, ತನ್ನ ಈ ನಿವೇದನೆ ತಡವಾಯಿತು ಎಂದು ಅದರಲ್ಲಿ ಒಪ್ಪಿಕೊಂಡರು. ಬಿರುಗಾಳಿಯಿಂದ ಲೆಕ್ಕ ಹಾಕಿದರೆ ನಲವತ್ತು ವರ್ಷ.

ಹಾಗಾದರೆ 1748ರ ಮೊರೆ ಬರೀ ನಾಟಕವೇ? ಅಲ್ಲ ಎಂದುಕೊಳ್ಳುತ್ತೇನೆ. ಆದರೆ ಅಂದು ಅವರು ಒಪ್ಪಿಕೊಂಡ ಪಾಪಗಳ ಪಟ್ಟಿಯಲ್ಲಿ ಬೈಗುಳ, ದೇವದೂಷಣೆ, ಲಂಪಟತನ ಇದ್ದವು. ಸುತ್ತಲ ಸಮಾಜ ಮರ್ಯಾದೆಯ ವ್ಯಾಪಾರವೆಂದು ಒಪ್ಪಿದ್ದು ಇರಲಿಲ್ಲ. ನಮ್ಮ ಸಭೆಗಳಲ್ಲೂ ಸಿಗರೇಟು, ಸಿನಿಮಾ ಪಾಪದ ಪಟ್ಟಿಗೆ ಬೇಗ ಸೇರುತ್ತವೆ. ಮದುವೆಯ ಮಾತುಕತೆಯಲ್ಲಿ ಜಾತಿ ವಿಚಾರಿಸುವುದು ಸೇರಲು ಇನ್ನೂ ಮೀನಮೇಷ ಎಣಿಸುತ್ತೇವೆ.

ಲೂಕನು ಸುಂಕದವನ ಸಾಮ್ಯ ಹೇಳಿದ ಮುಂದಿನ ಅಧ್ಯಾಯದಲ್ಲೇ ಇನ್ನೊಬ್ಬ ಸುಂಕದವನನ್ನು, ಜಕ್ಕಾಯನನ್ನು, ತರುತ್ತಾನೆ. ಮರ ಹತ್ತಿದ ಕುಳ್ಳನ ಕಥೆಯೆಂದು ಸಂಡೇ ಸ್ಕೂಲಿನ ಮಕ್ಕಳಿಗೆಲ್ಲ ಗೊತ್ತು. ಯೇಸು ಮೊದಲು ಅವನ ಮನೆಗೆ ಬರುತ್ತೇನೆನ್ನುತ್ತಾನೆ, ಷರತ್ತಿಲ್ಲದೆ. ಆಮೇಲೆ ಜಕ್ಕಾಯನೇ ಎದ್ದು ನಿಂತು ಲೆಕ್ಕ ಕೊಡುತ್ತಾನೆ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಅನ್ಯಾಯವಾಗಿ ಕಿತ್ತದ್ದಕ್ಕೆ ನಾಲ್ಕರಷ್ಟು. ಕೃಪೆ ಅಂಕಿಸಂಖ್ಯೆಗೆ ಇಳಿಯಿತು. ಆಗ ಯೇಸು, ಇಂದು ಈ ಮನೆಗೆ ರಕ್ಷಣೆಯಾಯಿತು ಎಂದ.

ಒಮ್ಮೆ ಒಪ್ಪಿಕೊಂಡರೆ ಮುಗಿಯಿತೇ? ಆಲ್ಡರ್ಸ್‌ಗೇಟ್‌ನ ಸಂಜೆಯಾಗಿ ಏಳೆಂಟು ತಿಂಗಳಿಗೆ, 1739ರ ಜನವರಿ 4ರಂದು, ತಾನು ಈಗ ಕ್ರೈಸ್ತನಲ್ಲ ಎಂದು ವೆಸ್ಲಿ ಬರೆದುಕೊಂಡರು. ದೇವರನ್ನು ಪ್ರೀತಿಸುತ್ತಿಲ್ಲ, ಸಂತೋಷವೂ ಇಲ್ಲ ಎಂಬ ಕಾರಣಕ್ಕೆ. ಪ್ರಚಾರದ ಪುಸ್ತಕಗಳು ಈ ಪುಟವನ್ನು ಹಾರಿಸಿಬಿಡುತ್ತವೆ. ವೆಸ್ಲಿ ಹಾರಿಸಲಿಲ್ಲ, ಅಚ್ಚು ಹಾಕಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಬ್ರಿಸ್ಟಲ್ ಹತ್ತಿರ ಬಯಲಿನಲ್ಲಿ ನಿಂತು ಪ್ರಸಂಗ ಮಾಡಲು ಶುರುಮಾಡಿದರು. ಸಭೆಯ ಕ್ರಮದಲ್ಲಿ ಪಾಪನಿವೇದನೆ ಪ್ರತಿ ಭಾನುವಾರ ಇರುವುದೂ ಇದಕ್ಕೇ. ಹೊಸದಾಗಿ ಬಂದವರಿಗೆಂದು ಇಟ್ಟದ್ದಲ್ಲ ಅದು. ಸಭಾಪಾಲಕರೂ ಅದೇ ಮಾತುಗಳನ್ನು ಹೇಳುತ್ತಾರೆ.

ಆದರೆ ಎಲ್ಲರೊಂದಿಗೆ ಒಟ್ಟಾಗಿ ಹೇಳುವಾಗ ಜಾರಿಕೊಳ್ಳುವುದೂ ಸುಲಭ ಎಂಬುದನ್ನು ಜರ್ಮನ್ ಪಾದ್ರಿ ಡೀಟ್ರಿಶ್ ಬೊನ್ಹಾಫರ್ ಚೆನ್ನಾಗಿ ಕಂಡಿದ್ದರು. ಹಿಟ್ಲರನ ಕಾಲದಲ್ಲಿ, 1935ರಿಂದ 1937ರವರೆಗೆ, ಫಿಂಕನ್‌ವಾಲ್ಡೆ ಎಂಬಲ್ಲಿ ಅವರು ಪಾದ್ರಿಗಳಾಗುವ ಯುವಕರಿಗೆ ತರಬೇತಿ ಕೊಡುತ್ತಿದ್ದರು. ಆಮೇಲೆ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಪವಿತ್ರನಾದ ದೇವರ ಮುಂದೆ ಪಾಪ ಹೇಳಿಕೊಳ್ಳುವುದಕ್ಕಿಂತ ನಮ್ಮಂಥದೇ ಪಾಪಿಯಾದ ಒಬ್ಬ ಸಹೋದರನ ಮುಂದೆ ಹೇಳಿಕೊಳ್ಳುವುದು ಯಾಕೆ ಹೆಚ್ಚು ಕಷ್ಟ ಎಂದು ಅವರು ಕೇಳುತ್ತಿದ್ದರು. ಬಹುಶಃ ನಾವು ದೇವರಿಗೆ ಹೇಳುತ್ತಿದ್ದೇವೆಂದುಕೊಂಡು ನಮಗೇ ಹೇಳಿಕೊಂಡು, ನಮಗೆ ನಾವೇ ಕ್ಷಮೆ ಕೊಟ್ಟುಕೊಳ್ಳುತ್ತಿದ್ದೇವೆ ಎಂಬುದು ಅವರ ಶಂಕೆ. ಪ್ರೊಟೆಸ್ಟಂಟರಿಗೆ ರೂಢಿ ತಪ್ಪಿದ್ದ ಈ ಪದ್ಧತಿಯನ್ನು, ಒಬ್ಬರ ಮುಂದೆ ಒಬ್ಬರು ಬಾಯಿಬಿಟ್ಟು ಹೇಳುವುದನ್ನು, ಅಲ್ಲಿ ಮತ್ತೆ ಶುರುಮಾಡಿದರು. ವಿದ್ಯಾರ್ಥಿಗಳು ಹಿಂದೆಮುಂದೆ ನೋಡಿದರು. ಕೊನೆಗೆ ಬೊನ್ಹಾಫರ್ ತಾವೇ ಅವರಲ್ಲೊಬ್ಬನ ಹತ್ತಿರ, ಇಂಥದರಲ್ಲಿ ಏನೂ ಅನುಭವವಿಲ್ಲದ ಒಬ್ಬ ಹುಡುಗನ ಹತ್ತಿರ, ಹೋಗಿ ತಮ್ಮ ಪಾಪನಿವೇದನೆಯನ್ನು ಕೇಳಿಸಿಕೊಳ್ಳುವೆಯಾ ಎಂದು ಕೇಳಿದರು.